ಬಕೇಟಿನ ಮೇಲೆ ಕೂತ ಕೊಟ್ರಪ್ಪ

ಪೀಣ್ಯ ಎರಡನೇ ಹಂತದಲ್ಲಿ ಯಂತ್ರಗಳ ಗೇರ್ ಚಕ್ರಗಳನ್ನು ತಯಾರಿಸುವ ಒಂದು ಕಾರ್ಖಾನೆ. ಕೆಳಗೆ ಯಂತ್ರಗಳ ಮುಂದೆ ಎಂಬತ್ತು ಜನ, ಮೇಲಿನ ಮಹಡಿಯ ಆಫೀಸಿನಲ್ಲಿ ಹನ್ನೆರಡು ಜನ. ಹಿಂದುಗಡೆ ಶೀಟು ಹೊದಿಸಿದ ಅಡುಗೆಮನೆ, ಅದರ ಮುಂದೆ ಬೆಂಚು ಹಾಕಿದ ಜಗಲಿ. ಆ ಅಡುಗೆಮನೆಯ ಒಲೆಯನ್ನು ಇಪ್ಪತ್ತೆರಡು ವರ್ಷ ಹಚ್ಚಿದವನು ಕೊಟ್ರಪ್ಪ. ಕೊಟ್ಟೂರಿನ ಕಡೆ ಆ ಹೆಸರಿನವರು ಬೀದಿಗೆ ನಾಲ್ವರು ಸಿಕ್ಕಾರು. ಈ ಕಾರ್ಖಾನೆಯಲ್ಲಿ ಮಾತ್ರ ಕೊಟ್ರಪ್ಪ ಎಂದರೆ ಇವನೊಬ್ಬನೇ, ಇವನೆಂದರೆ ಬೆಳಗಿನ ತಿಂಡಿ.

ಐವತ್ತೈದರ ಆಸುಪಾಸಿನ ಆಳು. ಗಿಡ್ಡ, ಆದರೆ ಗಟ್ಟಿಮೈ. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಲಗ್ಗೆರೆಯ ಬಾಡಿಗೆ ಮನೆಯಲ್ಲಿ ಪೂಜೆ ಮುಗಿಸಿ, ಹೆಂಡತಿ ಗೌರಮ್ಮ ಕೊಟ್ಟ ಚಹಾ ಕುಡಿದು, ಆರು ಗಂಟೆಗೆಲ್ಲ ಗೇಟಿನಲ್ಲಿರುತ್ತಿದ್ದ. ಮಾತು ತೀರ ಕಮ್ಮಿ. ಉಪ್ಪಿಟ್ಟು ಚೆನ್ನಾಗಿದೆ ಎಂದರೂ "ಹೂಂ", ಉಪ್ಪು ಜಾಸ್ತಿಯಾಯಿತು ಎಂದರೂ "ಹೂಂ". ಇಂಥವರನ್ನು ಜನ ನೆನೆಸಿಕೊಳ್ಳುವುದು ಅವರು ರಜೆ ಹಾಕಿದ ದಿನ ಮಾತ್ರ. ಅವನು ರಜೆ ಹಾಕುತ್ತಲೂ ಇರಲಿಲ್ಲ.

ಅವನ ಒಂದು ಅಭ್ಯಾಸ ಮಾತ್ರ ಎಲ್ಲರ ಕಣ್ಣಿಗೂ ಬಿದ್ದಿತ್ತು. ತಿಂದಾದ ಮೇಲೆ ತಟ್ಟೆಗೋ ಬಟ್ಟಲಿಗೋ ಒಂದಿಷ್ಟು ನೀರು ಸುರಿದು, ಬೆರಳಿನಿಂದ ಸುತ್ತಲೂ ತೊಳೆದು, ಆ ನೀರನ್ನು ಕುಡಿದುಬಿಡುತ್ತಿದ್ದ. ವರ್ಷದ ಹಿಂದೆ ಎಚ್‌ಆರ್ ಕೆಲಸಕ್ಕೆಂದು ಸೇರಿದ ಶೀತಲ್ ಎಂಬ ಹುಡುಗಿ ಇದನ್ನು ಮೊದಲ ಸಲ ನೋಡಿದಾಗ ಅಚ್ಚರಿಪಟ್ಟು, "ನೀರು ಸೇವ್ ಮಾಡೋಕಾ ಅಂಕಲ್?" ಎಂದು ಕೇಳಿದ್ದಳು. ಕೊಟ್ರಪ್ಪ "ಹೂಂ" ಎಂದಿದ್ದ. ಅವಳು ಅದನ್ನು ನಂಬಿ, ಮುಂದಿನ ಪರಿಸರ ದಿನದ ಭಾಷಣದಲ್ಲಿ ಅವನ ಹೆಸರನ್ನೂ ಹೇಳಿದಳು. ಅವನು ಚಪ್ಪಾಳೆ ತಟ್ಟುವವರ ಹಿಂದೆ ನಿಂತು ಕೇಳಿಸಿಕೊಂಡ.

ವಿಷಯ ನೀರಿನದಲ್ಲ. ಅವನು ಆರೇಳು ವರ್ಷದವನಿದ್ದಾಗ ಒಂದು ಬೆಳಿಗ್ಗೆ ಗಂಗಾಳದಲ್ಲಿ ಎರಡು ಗುಟುಕು ಅಂಬಲಿ ಬಿಟ್ಟು ಆಟಕ್ಕೆ ಓಡಿದ್ದ. ಅಜ್ಜಿ ಮರೆವ್ವ ಅವನನ್ನು ಕೂಗಿ ಕರೆದಳು. ಬೈಯಲಿಲ್ಲ, ಹೊಡೆಯಲಿಲ್ಲ. ಆ ಗಂಗಾಳಕ್ಕೆ ನೀರು ಹಾಕಿ, ತೊಳೆದು, ಅವನ ಕಣ್ಣೆದುರೇ ಕುಡಿದು, ಗಂಗಾಳವನ್ನು ಬೋರಲು ಹಾಕಿದಳು. "ಕೈಗೆ ಬಂದದ್ದು ಪ್ರಸಾದ. ನೀ ಬಿಟ್ರ ಯಾರರ ತಗೋಬೇಕಲ್ಲ?" ಎಂದಳು. ಹೊಡೆದಿದ್ದರೆ ಅವನು ಸಂಜೆಗೆ ಮರೆಯುತ್ತಿದ್ದ. ಅಜ್ಜಿ ತನ್ನ ಎಂಜಲು ಕುಡಿದದ್ದನ್ನು ಮರೆಯಲಾಗಲಿಲ್ಲ. ಅಂದಿನಿಂದ ಅವನ ತಟ್ಟೆಯಲ್ಲಿ ಏನೂ ಉಳಿದದ್ದಿಲ್ಲ.

ಕಾರ್ಖಾನೆಯಲ್ಲಿ ಗಂಜಿಯ ಮಾತು ಶುರುವಾದದ್ದು ಆರೋಗ್ಯ ತಪಾಸಣೆಯಿಂದ. ಒಂದೇ ತಿಂಗಳಲ್ಲಿ ಇಬ್ಬರು ಕೆಲಸಗಾರರು ಯಂತ್ರದ ಮುಂದೆ ತಲೆಸುತ್ತಿ ಕೂತರು. ಡಾಕ್ಟರು ಬಂದು ಎಲ್ಲರ ರಕ್ತ ನೋಡಿದರು. ಅರ್ಧದಷ್ಟು ಜನಕ್ಕೆ ಶುಗರ್, ಇಲ್ಲವೇ ಬಿಪಿ, ಎರಡೂ ಇಲ್ಲದವರಿಗೆ ಗ್ಯಾಸ್ಟ್ರಿಕ್. ಬೆಳಿಗ್ಗೆ ಎಣ್ಣೆ ತಿಂಡಿ ಬಿಡಿ, ಗಂಜಿ ಕುಡಿಯಿರಿ ಎಂದು ಹೇಳಿ ಡಾಕ್ಟರು ಹೋದರು. ಶೀತಲ್ ಇದನ್ನು ಮನಸ್ಸಿಗೆ ಹಚ್ಚಿಕೊಂಡಳು. ಅವಳ ಒಳ್ಳೆಯತನದಲ್ಲಿ ಯಾರೂ ಅನುಮಾನ ಪಡುವಂತಿಲ್ಲ. ಅವಳಿಗೆ ಎಲ್ಲವನ್ನೂ ಅಳೆಯುವ ಹುಚ್ಚೊಂದಿತ್ತು, ಅಷ್ಟೇ.

ಅದೇ ಹೊತ್ತಿಗೆ ಮಾಲೀಕ ಮುನಿಕೃಷ್ಣನಿಗೆ ಹೊಸ ಯಂತ್ರವೊಂದಕ್ಕೆ ಜಾಗ ಬೇಕಾಗಿತ್ತು. ಪೀಣ್ಯ ಇನ್ನೂ ಹೊಲಗದ್ದೆಯಾಗಿದ್ದಾಗ ಅವನ ಅಪ್ಪ ಅಲ್ಲಿ ರಾಗಿ ಬೆಳೆದವನು. ಈಗ ಒಂದು ಮಂಚ ಹಾಕುವಷ್ಟು ಜಾಗವೂ ಉಳಿದಿರಲಿಲ್ಲ. ಅಡುಗೆಮನೆಯನ್ನು ಒಡೆದರೆ ಯಂತ್ರ ಸಲೀಸಾಗಿ ಕೂರುತ್ತದೆ. ಮಾರತ್ತಹಳ್ಳಿ ಕಡೆಯ ಆಫೀಸುಗಳಿಗೆ ಬಿಸಿ ಓಟ್ಸ್ ಗಂಜಿಯನ್ನು ಸೀಲು ಮಾಡಿದ ಡಬ್ಬಗಳಲ್ಲಿ ತಂದುಕೊಡುವ ಕಂಪನಿಯೊಂದಿತ್ತು. ಅವರು ಪೀಣ್ಯಕ್ಕೂ ತರುತ್ತೇವೆ ಎಂದರು. ಹಾಗಾದರೆ ಒಲೆ ಯಾಕೆ ಬೇಕು ಎನ್ನುವುದು ಮುನಿಕೃಷ್ಣನ ಲೆಕ್ಕ.

ಶೀತಲ್ ಅಡ್ಡ ಬಂದಳು. "ಇಪ್ಪತ್ತೆರಡು ವರ್ಷ ಇದ್ದೋರನ್ನ ಸಡನ್ನಾಗಿ ತೆಗೆಯೋದು ಸರಿ ಅಲ್ಲ ಸಾರ್. ಒಂದು ವಾರ ಕೊಟ್ರಪ್ಪ ಅಂಕಲ್ ಗಂಜಿ ಮಾಡ್ಲಿ, ಇನ್ನೊಂದು ವಾರ ಅವ್ರು ತರ್ಲಿ. ಬಾಯಲ್ಲಿ ಕೇಳಿದ್ರೆ ಎಲ್ರೂ ಚೆನ್ನಾಗಿದೆ ಅಂತಾರೆ. ಬಟ್ಟಲು ಸುಳ್ಳು ಹೇಳಲ್ಲ. ಯಾರ ವಾರದಲ್ಲಿ ಕಮ್ಮಿ ಉಳಿಯುತ್ತೋ ಅವ್ರು ಗೆದ್ದ ಹಾಗೆ."

ಮುನಿಕೃಷ್ಣ ಕೊಟ್ರಪ್ಪನನ್ನು ಕರೆಸಿ ಹೇಳಿದ: "ನೋಡಪ್ಪ ಕೊಟ್ರಪ್ಪ, ನಂಗೆ ಜಾಗ ಬೇಕಾಗೈತೆ. ಅಂಗಂತ ನಿನ್ನ ಎಬ್ಬಿಸಾಕೆ ನಂಗೂ ಮನ್ಸಿಲ್ಲ. ಮೇಡಂ ಟ್ರಯಲ್ಲು ಅಂತವ್ರೆ. ಗೆದ್ರೆ ಒಲೆ ನಿಂದೇ, ಮಿಷಿನ್ನ ಇನ್ನೆಲ್ಲಾದ್ರೂ ತುರುಕ್ತೀನಿ. ಸೋತ್ರೆ ಪ್ಯಾಕಿಂಗ್‌ಗೆ ಹೋಗು. ಸಂಬಳ ಇಂಗೇ ಇರ್ತದೆ, ಅದ್ರಲ್ಲಿ ಮೋಸ ಇಲ್ಲ."

"ಹೂಂ" ಎಂದ ಕೊಟ್ರಪ್ಪ.

ಸಂಬಳ ಅಷ್ಟೇ ಇರುತ್ತದೆ ಎನ್ನುವುದು ಅವನಿಗೆ ಸಮಾಧಾನವಾಗಲಿಲ್ಲ. ಪ್ಯಾಕಿಂಗ್ ಎಂದರೆ ಗೇರ್ ಚಕ್ರಗಳನ್ನು ಡಬ್ಬಕ್ಕೆ ತುಂಬಿ ಟೇಪು ಅಂಟಿಸುವುದು. ಆ ಡಬ್ಬ ಎಲ್ಲಿಗೆ ಹೋಗುತ್ತದೆ, ಯಾರು ಬಿಚ್ಚುತ್ತಾರೆ, ದೇವರೇ ಬಲ್ಲ. ಒಲೆಯ ಮುಂದೆ ಹಾಗಲ್ಲ. ತಾನು ಮಾಡಿದ್ದು ತನ್ನ ಕಣ್ಣೆದುರೇ ಎಂಬತ್ತು ಹೊಟ್ಟೆಗೆ ಇಳಿಯುತ್ತದೆ. ಆ ಸುಖ ಬಿಟ್ಟರೆ ಪೀಣ್ಯದಲ್ಲಿ ಅವನಿಗೆ ಬೇರೆ ಸುಖ ಇರಲಿಲ್ಲ, ಅವನು ಬೇಡಿಯೂ ಇರಲಿಲ್ಲ.

ಮೊದಲ ವಾರ ಅವನದು. ಭಾನುವಾರವೇ ಬಂದು ಜೋಳದ ಹಿಟ್ಟನ್ನು ನೀರಿನಲ್ಲಿ ಕದಡಿ, ಎರಡು ದೊಡ್ಡ ಮಡಕೆಗಳಲ್ಲಿ ಹುಳಿಯಲು ಇಟ್ಟು ಬಟ್ಟೆ ಕಟ್ಟಿ ಹೋದ. ಸೋಮವಾರ ಆರಕ್ಕೆ ಬಟ್ಟೆ ಬಿಚ್ಚಿದರೆ ಹದವಾದ ಹುಳಿ ವಾಸನೆ. ದೊಡ್ಡ ಪಾತ್ರೆಯಲ್ಲಿ ಉಪ್ಪು ಹಾಕಿದ ನೀರು ಮರಳತೊಡಗಿದಾಗ ಒಂದು ಕೈಯಿಂದ ಹುಳಿಹಿಟ್ಟನ್ನು ಸಣ್ಣಗೆ ಸುರಿಯುತ್ತ, ಇನ್ನೊಂದು ಕೈಯಿಂದ ಮರದ ಹುಟ್ಟು ತಿರುವಿದ. ಈ ಹೊತ್ತಿನಲ್ಲಿ ಯಾರು ಕರೆದರೂ ಅವನು ತಿರುಗುತ್ತಿರಲಿಲ್ಲ. ಕೈ ನಿಂತರೆ ಗಂಟು ಕಟ್ಟುತ್ತದೆ. ಗುಳ್ಳೆಗಳು ದಪ್ಪಗೆ ಎದ್ದು ಪಟ್ ಪಟ್ ಎಂದು ಒಡೆಯತೊಡಗಿದ ಮೇಲೆ ಉರಿ ತಗ್ಗಿಸಿ, ಹಸಿ ವಾಸನೆ ಹೋಗುವವರೆಗೆ ಬೇಯಿಸಿ, ಇಳಿಸಿ ಆರಲು ಬಿಟ್ಟ. ಬೆಳ್ಳುಳ್ಳಿ, ಜೀರಿಗೆ, ಹಸಿಮೆಣಸಿನಕಾಯಿ ಜಜ್ಜಿದ. ಕಡೆಗೆ ಮಜ್ಜಿಗೆ ಬೆರೆಸಿ, ಹೆಚ್ಚಿದ ಈರುಳ್ಳಿ ಉದುರಿಸಿದ.

ಏಳೂಕಾಲಿಗೆ ಸಾಲು ನಿಂತಿತು. ಸಿಂಧನೂರು ಕಡೆಯ ಬಸಲಿಂಗ, ಗ್ರೈಂಡಿಂಗ್ ಯಂತ್ರದವನು, ಮೊದಲ ಬಟ್ಟಲನ್ನು ನಿಂತಲ್ಲೇ ಗಟಗಟ ಕುಡಿದು, ಮೀಸೆ ಒರೆಸಿಕೊಂಡು, "ಕಾಕಾ, ಊರಿಗೆ ಹೋಗಿ ಬಂದಂಗಾತು ನೋಡ್ರಿ. ಬಸ್ಸಿನ ತ್ರಾಸಿಲ್ಲ, ಏನಿಲ್ಲ" ಎಂದ. ಎರಡನೇ ಬಟ್ಟಲನ್ನು ಕೂತು ಕುಡಿದ. ಸುತ್ತಲೂ ಸೊರ್ ಸೊರ್ ಶಬ್ದ ಎದ್ದಿತು. ಬಿಸಿಲು ಏರುವ ಮೊದಲು ತಣ್ಣನೆಯ ಅಂಬಲಿ ಎದೆಯಿಂದ ಇಳಿದು ಹೊಟ್ಟೆಯಲ್ಲಿ ಕೂರುವುದಿದೆಯಲ್ಲ, ಅದನ್ನು ಕುಡಿದವರೇ ಬಲ್ಲರು. ಮಧ್ಯಾಹ್ನದವರೆಗೆ ಹಸಿವು ತಲೆ ಹಾಕುವುದಿಲ್ಲ, ಹೊಟ್ಟೆ ಭಾರವೂ ಅನ್ನಿಸುವುದಿಲ್ಲ.

ಆದರೆ ಕಾರ್ಖಾನೆಯಲ್ಲಿ ಒಡಿಶಾದವರೂ ಬಿಹಾರದವರೂ ಇಪ್ಪತ್ತು ಜನ ಇದ್ದರು. ಅವರಿಗೆ ಈ ಹುಳಿ ಹಿಡಿಸಲಿಲ್ಲ. ಮುಖ ಕಿವಿಚಿಕೊಂಡು ಅರ್ಧ ಕುಡಿದು, ಉಳಿದದ್ದನ್ನು ಬಕೇಟಿಗೆ ಸುರಿದರು. ಜಗಲಿಯ ಮೂಲೆಯಲ್ಲಿದ್ದ ಆ ಎಂಜಲಿನ ಬಕೇಟಿನ ಕೆಳಗೆ ಶೀತಲ್ ತೂಕದ ಯಂತ್ರ ಇಡಿಸಿದ್ದಳು. ಬುಧವಾರದಿಂದ ಕೊಟ್ರಪ್ಪ ಅವರಿಗೆಂದೇ ನವಣೆಯ ಗಂಜಿ ಮಾಡಿ ಬೆಲ್ಲ ಹಾಕಿದ. ಬಕೇಟು ಹಗುರಾಯಿತು. ಆದರೂ ವಾರದ ಕೊನೆಗೆ ಒಟ್ಟು ಹನ್ನೊಂದು ಕಿಲೋ ಉಳಿದಿತ್ತು. ಶೀತಲ್ ಬರೆದುಕೊಂಡಳು. ಅವಳು ಬರುತ್ತಿದ್ದದ್ದು ಒಂಬತ್ತಕ್ಕೆ. ಬಕೇಟು ತೂಗಿಸಿ, ಕೈ ತೊಳೆದುಕೊಂಡು, ಮೇಲೆ ಹೋಗುತ್ತಿದ್ದಳು.

ಆಫೀಸಿನ ಹನ್ನೆರಡು ಜನ ಕೆಳಗೆ ಬಂದು ತಿನ್ನುವ ಪದ್ಧತಿ ಇರಲಿಲ್ಲ. ಅವರ ಬಟ್ಟಲುಗಳನ್ನು ಟ್ರೇಯಲ್ಲಿಟ್ಟು ಕೊಟ್ರಪ್ಪನೇ ಹೊತ್ತು ಮೇಲೆ ಕೊಟ್ಟು ಬರುತ್ತಿದ್ದ, ಆಮೇಲೆ ಖಾಲಿ ಬಟ್ಟಲು ತರುತ್ತಿದ್ದ.

ಎರಡನೇ ವಾರ ಡಬ್ಬದ ಗಂಜಿ ಬಂತು. ಬೆಳ್ಳಗೆ, ದಪ್ಪಗೆ, ಮೇಲೆ ಅಗಸೆ ಬೀಜ ಉದುರಿಸಿ, ನೋಡಲು ಚಂದವೇ ಇತ್ತು. ಸಕ್ಕರೆ ಇಲ್ಲ, ಉಪ್ಪು ಹೆಸರಿಗೆ ಮಾತ್ರ. ಮಾರತ್ತಹಳ್ಳಿಯಿಂದ ಟ್ರಾಫಿಕ್ಕಿನಲ್ಲಿ ಬರುವ ಹೊತ್ತಿಗೆ ಅದು ತನ್ನಷ್ಟಕ್ಕೆ ಬಿಗಿದುಕೊಂಡಿರುತ್ತಿತ್ತು. ಕೊಟ್ರಪ್ಪನಿಗೆ ಬಡಿಸುವುದಷ್ಟೇ ಕೆಲಸ.

ಬಸಲಿಂಗ ಒಂದು ಚಮಚ ಬಾಯಿಗಿಟ್ಟು, "ಕಾಕಾ, ಇದನ್ನ ಗ್ವಾಡಿಗಿ ಬಳದ್ರ ಪೋಸ್ಟರ್ ಅಂಟಿಸಬೌದು" ಎಂದ. ಜಗಲಿಯೆಲ್ಲ ನಕ್ಕಿತು. ನಗುತ್ತಲೇ ಎದ್ದು ಒಬ್ಬೊಬ್ಬರಾಗಿ ಬಕೇಟಿಗೆ ಸುರಿದರು. ಆರು ಕಿಲೋ. ಕೊಟ್ರಪ್ಪ ಗೆದ್ದಂತೆಯೇ ಎಂದು ಎಲ್ಲರೂ ಹೇಳಿದರು. ಅವನಿಗೂ ಒಳಗೊಳಗೆ ಖುಷಿಯಾಯಿತು, ಇಲ್ಲವೆಂದರೆ ಸುಳ್ಳಾದೀತು. ಆದರೆ ಬಕೇಟನ್ನು ಎತ್ತಿ ಕಸದ ಗಾಡಿಗೆ ಬಗ್ಗಿಸುವ ಕೆಲಸವೂ ಅವನದೇ. ಬೆಳ್ಳನೆಯ ಗಂಜಿ ದಬಕ್ಕೆಂದು ಕಸದ ಮೇಲೆ ಬಿತ್ತು. ಖುಷಿ ಅಲ್ಲಿಗೇ ಮುಗಿಯಿತು.

ಮಂಗಳವಾರ ಬಸಲಿಂಗ ತುಂಬಿದ ಬಟ್ಟಲು ಹಿಡಿದು ಬಕೇಟಿನ ಕಡೆ ಹೋಗುತ್ತಿದ್ದ. "ಏ, ತಡಿಯೋ" ಎಂದ ಕೊಟ್ರಪ್ಪ. ತನ್ನ ಮಧ್ಯಾಹ್ನದ ಊಟಕ್ಕೆ ತಂದಿದ್ದ ಮಜ್ಜಿಗೆಯನ್ನು ಆ ಬಟ್ಟಲಿಗೆ ಸುರಿದು, ಚಿಟಿಕೆ ಉಪ್ಪು, ಜಜ್ಜಿದ ಬೆಳ್ಳುಳ್ಳಿ ಜೀರಿಗೆ ಹಾಕಿ ಕಲಸಿ ಕೊಟ್ಟ. ಬಸಲಿಂಗ ಅನುಮಾನದಿಂದ ಒಂದು ಗುಟುಕು ಕುಡಿದ. ಆಮೇಲೆ ಇನ್ನೊಂದು. ಬಟ್ಟಲು ಖಾಲಿಯಾಯಿತು. ಪಕ್ಕದವನು ತನ್ನ ಬಟ್ಟಲನ್ನೂ ಚಾಚಿದ. ಅವತ್ತು ಮೂರು ಕಿಲೋ.

ಬುಧವಾರ ಕೊಟ್ರಪ್ಪ ಬರುವಾಗಲೇ ಜಾಲಹಳ್ಳಿ ಕ್ರಾಸಿನ ಹಾಲಿನ ಬೂತಿನಿಂದ ಮೊಸರು ಕಟ್ಟಿಸಿಕೊಂಡು ಬಂದ. ಆಫೀಸಿನ ಹನ್ನೆರಡು ಬಟ್ಟಲನ್ನು ಇದ್ದ ಹಾಗೇ ಎತ್ತಿಟ್ಟು, ಉಳಿದ ಗಂಜಿಗೆಲ್ಲ ಮಜ್ಜಿಗೆ ಮಾಡಿ ಬೆರೆಸಿದ, ಹುಳಿ ಒಲ್ಲದವರಿಗೆ ಬೇರೆ ಪಾತ್ರೆಯಲ್ಲಿ ಬೆಲ್ಲ ಕರಗಿಸಿ ಹಾಕಿದ. ಬಕೇಟಿನಲ್ಲಿ ಬಿದ್ದದ್ದು ಒಂದೆರಡು ಸೌಟು ಮಾತ್ರ. ಒಂಬತ್ತಕ್ಕೆ ಬಂದ ಶೀತಲ್, "ನೋಡಿ ಅಂಕಲ್, ಜನಕ್ಕೆ ನಿಧಾನಕ್ಕೆ ಅಭ್ಯಾಸ ಆಗ್ತಿದೆ!" ಎಂದಳು. ಕೊಟ್ರಪ್ಪ "ಹೂಂ" ಎಂದ.

ಅಂದು ಸಂಜೆ ಗೌರಮ್ಮನಿಗೆ ವಿಷಯ ತಿಳಿದು ಅವಳ ಪಿತ್ತ ನೆತ್ತಿಗೇರಿತು. "ನಿಮ್ಮ ಕಾಲ ಮ್ಯಾಲೆ ನೀವಾ ಕಲ್ಲು ಹಾಕ್ಕಂತೀರಲ್ಲ, ನಿಮಗೇನು ಬುದ್ಧಿಗಿದ್ದಿ ಐತೋ ಇಲ್ಲೋ? ಅವರ ಗಂಜಿ ಅವರು ಚೆಲ್ಲಲಿ ಬಿಡ್ರಿ. ನಾಕು ದಿನ ಕಣ್ಣು ಮುಚ್ಚಿಕೊಂಡು ಕುಂದ್ರಾಕ ಆಗಂಗಿಲ್ಲಾ ನಿಮಗ?"

ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಗುರುವಾರ ಅವನು ಹಾಗೇ ಮಾಡಿನೋಡಿದ. ಮೊಸರು ತರಲಿಲ್ಲ. ಬಡಿಸಿ ಮುಗಿಸಿ, ಒಳಗೆ ಹೋಗಿ, ಗೋಡೆಗೆ ಮುಖ ಮಾಡಿ ಪಾತ್ರೆ ಉಜ್ಜುತ್ತ ಕೂತ. ಆದರೆ ಕಿವಿ ಕೇಳಬೇಕಲ್ಲ. ಚಮಚ ಬಟ್ಟಲನ್ನು ಕೆರೆದ ಶಬ್ದ, ಬೆನ್ನಿಗೇ ಬಕೇಟಿನೊಳಗೆ ದಬಕ್. ಮತ್ತೆ ಕೆರೆದ ಶಬ್ದ, ದಬಕ್. ಎಷ್ಟು ಸಲವಾಯಿತೆಂದು ಲೆಕ್ಕ ಇಡಬಾರದೆಂದುಕೊಂಡು ಏಳರವರೆಗೆ ಎಣಿಸಿದ. ಎಂಟನೆಯದು ಬೀಳುವ ಮೊದಲು ಎದ್ದು ಹೊರಗೆ ಬಂದು, ಹಿಂದಿನ ದಿನ ಉಳಿದಿದ್ದ ಮೊಸರಿನ ಪಾತ್ರೆಯನ್ನೇ ತಂದು ಬೆಂಚಿನ ಮೇಲಿಟ್ಟ. ತನ್ನ ಮೇಲೆ ತನಗೇ ಸಿಟ್ಟು ಬಂದಿತ್ತು. ಸಿಟ್ಟಿನಲ್ಲೇ ಕಡೆದ, ಸಿಟ್ಟಿನಲ್ಲೇ ಬೆರೆಸಿದ. ಅವತ್ತು ಬಕೇಟಿನಲ್ಲಿ ಒಂದು ಕಿಲೋಗೆ ತುಸು ಕಮ್ಮಿ.

ಅದೇ ದಿನ ಮೇಲಿನಿಂದ ಖಾಲಿ ಬಟ್ಟಲು ತರಲು ಹೋದಾಗ ಅವನಿಗೆ ಇನ್ನೊಂದು ಸಂಗತಿ ಕಂಡಿತು. ಆಫೀಸಿನ ನೀರಿನ ಕೋಣೆಯಲ್ಲಿದ್ದ ಕಸದ ಡಬ್ಬದ ಮುಚ್ಚಳ ಕೂರದೆ ಎದ್ದುನಿಂತಿತ್ತು. ಒಳಗೆ ಬೆಳ್ಳನೆಯ ಗಂಜಿ, ಅಗಸೆ ಬೀಜದ ಸಮೇತ. ಮೇಲಿನ ಹನ್ನೆರಡು ಬಟ್ಟಲು ದಿನವೂ ಖಾಲಿಯಾಗುತ್ತಿದ್ದದ್ದು ಹೀಗೆ. ಈ ಡಬ್ಬದ ಕೆಳಗೆ ತೂಕದ ಯಂತ್ರ ಇರಲಿಲ್ಲ. ತನ್ನ ಅಂಬಲಿಯ ವಾರದಲ್ಲಿ ಆ ಡಬ್ಬದಲ್ಲಿ ಬರೀ ಟೀ ಕಪ್ಪುಗಳಿದ್ದದ್ದು ಅವನಿಗೆ ನೆನಪಿತ್ತು. ಕೊಟ್ರಪ್ಪ ಒಂದು ಗಳಿಗೆ ನೋಡುತ್ತ ನಿಂತ. ಆಮೇಲೆ ಮುಚ್ಚಳವನ್ನು ಒತ್ತಿ ಸರಿಯಾಗಿ ಕೂರಿಸಿ, ಬಟ್ಟಲುಗಳನ್ನು ಎತ್ತಿಕೊಂಡು ಕೆಳಗಿಳಿದ. ಯಾರಿಗೂ ಹೇಳಲಿಲ್ಲ.

ಶುಕ್ರವಾರ ಬಕೇಟು ಒಣಗಿತ್ತು.

ಶನಿವಾರ ಬೆಳಿಗ್ಗೆ ಬಸಲಿಂಗನೂ ಅವನ ಜೊತೆಯವರೂ ಒಂದು ತೀರ್ಮಾನಕ್ಕೆ ಬಂದಿದ್ದರು. ಕಾಕಾನಿಗೆ ಲೆಕ್ಕ ತಿಳಿಯುವುದಿಲ್ಲ, ನಾವೇ ಸರಿಮಾಡೋಣ ಎಂದು. ಮಜ್ಜಿಗೆ ಬೆರೆಸಿದ ಗಂಜಿಯನ್ನು ಬಟ್ಟಲು ತುಂಬ ಹಾಕಿಸಿಕೊಂಡು, ಮುಟ್ಟದೆ, ಎಲ್ಲರೂ ಒಟ್ಟಿಗೆ ಎದ್ದು ಬಕೇಟಿನ ಕಡೆ ನಡೆದರು. ಕೊಟ್ರಪ್ಪನಿಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಸೌಟು ಬಿಟ್ಟು ದಾಪುಗಾಲು ಹಾಕಿ ಬಂದು, ಬಕೇಟನ್ನು ಬೋರಲು ಹಾಕಿ, ಅದರ ಮೇಲೆ ಕೂತುಬಿಟ್ಟ.

"ಏಳ್ರಿ ಕಾಕಾ," ಎಂದ ಬಸಲಿಂಗ. "ಇವತ್ತೊಂದಿನ ಚೆಲ್ಲಿದ್ರ ನಿಮ್ಮ ಒಲಿ ಉಳೀತೈತಿ. ನಾವು ಲೆಕ್ಕ ಹಾಕೀವಿ."

"ಉಣ್ರಿ."

"ನಿಮ್ಮ ಸಲುವಾಗಿ ಮಾಡಾಕತ್ತೀವಿ, ನೀವಾ ಅಡ್ಡ ಬರ್ತೀರಲ್ಲ!"

"ನನ್ನ ಸಲುವಾಗಿ ಉಣ್ರಿ" ಎಂದ ಕೊಟ್ರಪ್ಪ. ಬಕೇಟಿನ ಕೆಳಗಿದ್ದ ತೂಕದ ಯಂತ್ರ ಅವನ ಭಾರಕ್ಕೆ ಕಿರ್ ಎಂದು ಅರವತ್ತೆರಡು ತೋರಿಸುತ್ತಿತ್ತು. ಬಸಲಿಂಗನಿಗೆ ಸಿಟ್ಟಿನಲ್ಲೂ ನಗು ಬಂತು. ನಕ್ಕ ಮೇಲೆ ಜಗಳ ಮುಂದುವರಿಯುವುದಿಲ್ಲ. ಒಬ್ಬೊಬ್ಬರಾಗಿ ಹಿಂದಿರುಗಿ ಕೂತು, ಗೊಣಗುತ್ತ ಕುಡಿದರು. ಕೊನೆಯ ಬಟ್ಟಲು ಖಾಲಿಯಾಗುವವರೆಗೆ ಕೊಟ್ರಪ್ಪ ಬಕೇಟಿನ ಮೇಲಿಂದ ಏಳಲಿಲ್ಲ.

ಸೋಮವಾರ ಫಲಿತಾಂಶ. ಕೊಟ್ರಪ್ಪನ ವಾರ ಹನ್ನೊಂದು ಕಿಲೋ, ಡಬ್ಬದವರ ವಾರ ಹತ್ತು. ಶೀತಲ್ ಓದಿ ಹೇಳುವಾಗ ಅವಳ ದನಿ ಸಣ್ಣದಾಗಿತ್ತು. ಅವಳಿಗೂ ಅವನು ಗೆಲ್ಲಲಿ ಎಂದಿತ್ತು. ಆದರೆ ಅಳತೆಗೆ ವಿರುದ್ಧ ಹೋಗುವವಳು ಅವಳಲ್ಲ. "ಏನಯ್ಯಾ, ಒಂದು ಕಿಲೋದಾಗೆ ಕೈ ಬಿಟ್ಟಲ್ಲೋ" ಎಂದು ಮುನಿಕೃಷ್ಣ ಲೊಚಗುಟ್ಟಿ, ಅಂದೇ ಯಂತ್ರದವರಿಗೆ ಫೋನು ಮಾಡಿದ.

ಒಲೆಯನ್ನು ಕೀಳುವ ದಿನ ಕೊಟ್ರಪ್ಪ ಮರದ ಹುಟ್ಟನ್ನೂ ಎರಡು ಮಡಕೆಗಳನ್ನೂ ಮನೆಗೆ ಒಯ್ದ. ಗೌರಮ್ಮ ಬೈಯಬೇಕೆಂದು ಬಾಗಿಲಲ್ಲೇ ನಿಂತಿದ್ದಳು. ಗಂಡನ ಮುಖ ನೋಡಿ ಮಡಕೆಗಳನ್ನು ಕೈಯಿಂದ ತೆಗೆದುಕೊಂಡಳು. ಅವನು ಅಂದು ಊಟಕ್ಕೆ ಕೂತು, ಎರಡು ತುತ್ತಿನ ಮೇಲೆ ಕೈ ನಿಲ್ಲಿಸಿದ. ಆದರೂ ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ಉಂಡ. ತೊಳೆದು ಕುಡಿಯುವಾಗ ಕಣ್ಣಲ್ಲಿ ನೀರಿತ್ತು. ಗೌರಮ್ಮ ನೋಡಿದಳು, ನೋಡದವಳಂತೆ ಎದ್ದು ಹೋದಳು.

ಎರಡು ವಾರದಲ್ಲಿ ಒಲೆಯಿದ್ದ ಕಡೆ ಯಂತ್ರ ಬಂದು ಕೂತಿತು. ಗೋಡೆಗೆ ಬಣ್ಣ ಬಳಿದರೂ ಮಸಿಯ ಕಲೆ ಅಡಿಯಿಂದ ಇಣುಕುತ್ತಿತ್ತು. ಜಗಲಿಯೂ ಬೆಂಚುಗಳೂ ಹಾಗೇ ಉಳಿದವು. ಟೊಪ್ಪಿಗೆ, ಕೈಗವಸು ಹಾಕಿಕೊಂಡ ಇಬ್ಬರು ಡಬ್ಬ ತಂದು ಬಡಿಸತೊಡಗಿದರು. ಪಾತ್ರೆಗೆ ಹೊರಗಿನವರು ಏನೂ ಬೆರೆಸಬಾರದೆಂದು ಅವರ ಕರಾರು. ಮೇಲಕ್ಕೆ ಟ್ರೇ ಹೊರುವವರು ಯಾರೂ ಇಲ್ಲವಾದ್ದರಿಂದ ಆಫೀಸಿನವರೂ ಕೆಳಗೇ ಬಂದು ತಿನ್ನಬೇಕಾಯಿತು.

ಮೊದಲ ದಿನ ಕೊಟ್ರಪ್ಪ ಪ್ಯಾಕಿಂಗಿನವರ ನೀಲಿ ಅಂಗಿ ತೊಟ್ಟು ಬಟ್ಟಲು ಹಿಡಿದು ಸಾಲಿನಲ್ಲಿ ನಿಂತ. ಇಪ್ಪತ್ತೆರಡು ವರ್ಷದಲ್ಲಿ ಆ ಜಗಲಿಯಲ್ಲಿ ಅವನು ಇನ್ನೊಬ್ಬರ ಕೈಯಿಂದ ಬಡಿಸಿಕೊಂಡದ್ದು ಅದೇ ಮೊದಲು. ಹಾಕಿಸಿಕೊಂಡು ಬಂದು ಬೆಂಚಿನ ತುದಿಯಲ್ಲಿ ಕೂತು, ಚೀಲದಿಂದ ಮಜ್ಜಿಗೆಯ ಬಾಟಲಿಯನ್ನೂ ಒಂದು ಪುಟ್ಟ ಡಬ್ಬಿಯನ್ನೂ ತೆಗೆದ. ಡಬ್ಬಿಯಲ್ಲಿ ಉಪ್ಪು ಸೇರಿಸಿ ಜಜ್ಜಿದ ಬೆಳ್ಳುಳ್ಳಿ, ಜೀರಿಗೆ. ಪಾತ್ರೆಗೆ ಬೆರೆಸಬಾರದು ಎಂದಿದ್ದರು, ಬಟ್ಟಲಿಗೆ ಬೇಡ ಎಂದಿರಲಿಲ್ಲ. ಬಸಲಿಂಗ ಪಕ್ಕದಲ್ಲಿ ಬಂದು ಕೂತು, ಬಟ್ಟಲು ಚಾಚಿದ. ಮಾರನೆಯ ದಿನ ಅವನೂ ಒಂದು ಬಾಟಲಿ ತಂದ. ಮೂರನೆಯ ದಿನಕ್ಕೆ ಜಗಲಿಯಲ್ಲಿ ಏಳೆಂಟು ಬಾಟಲಿಗಳು, ಬೆಲ್ಲದ ಪೊಟ್ಟಣಗಳು ಕೈಯಿಂದ ಕೈಗೆ ಓಡಾಡುತ್ತಿದ್ದವು.

ಶೀತಲ್ ಮೊದಲೆರಡು ದಿನ ಬಂದಿರಲಿಲ್ಲ. ಮೂರನೆಯ ದಿನ ಅವಳೂ ಬೇಗ ಬಂದು ಸಾಲಿನಲ್ಲಿ ನಿಂತು ಒಂದು ಬಟ್ಟಲು ಹಾಕಿಸಿಕೊಂಡು, ಕೊಟ್ರಪ್ಪನ ಎದುರಿನ ಬೆಂಚಿಗೆ ಬಂದು ಕೂತಳು. ಮೂರು ಚಮಚ ತಿಂದು, ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಎದ್ದು ಬಕೇಟಿನ ಹತ್ತಿರ ಹೋದಳು. ಬಕೇಟಿನಲ್ಲಿ ಏನೂ ಇರಲಿಲ್ಲ. ಅವಳ ಮುಖ ಅರಳಿತು.

"ಸೊನ್ನೆ!" ಎಂದಳು.

"ಮೇಡಂ," ಎಂದ ಕೊಟ್ರಪ್ಪ. "ನಿಮ್ಮದೊಂದು ಬಟ್ಟಲು ಉಳಿದೈತ್ರಿ."

ಶೀತಲ್ ತಿರುಗಿ ತನ್ನ ಬಟ್ಟಲು ನೋಡಿದಳು. ಆಮೇಲೆ ಬೆಂಚುಗಳ ಮೇಲೆ ಓಡಾಡುತ್ತಿದ್ದ ಬಾಟಲಿಗಳನ್ನು ನೋಡಿದಳು. ಅಲ್ಲಿಯವರೆಗೆ ಅವು ಅವಳ ಕಣ್ಣಿಗೆ ಬಿದ್ದಿರಲಿಲ್ಲ. ನಿಧಾನವಾಗಿ ಬಂದು ಕೂತಳು.

"ಟ್ರಯಲ್ ವಾರಾನೂ ಹೀಗೇನಾ ಅಂಕಲ್? ಮಜ್ಜಿಗೆ ಹಾಕಿದ್ದು ನೀವಾ?"

"ಹೂಂ."

ಅವಳು ಮೇಲಿನ ಮಹಡಿಯ ಕಡೆ ನೋಡಿದಳು. "ಮೇಲಿನ ಡಸ್ಟ್‌ಬಿನ್ ನಾನು ತೂಕಾನೇ ಮಾಡ್ಲಿಲ್ಲ. ನಮ್ಮೆಲ್ಲರದೂ ಅದರಲ್ಲೇ ಬೀಳ್ತಿತ್ತು. ನಂದೂ. ಆರು ದಿನಾನೂ."

"ಗೊತ್ತೈತ್ರಿ. ಗುರುವಾರ ನೋಡಿದ್ದೆ."

"ನೋಡಿದ್ರಾ? ಮತ್ತೆ ಯಾಕೆ ಹೇಳ್ಲಿಲ್ಲ? ಇದ್ದದ್ದೇ ಒಂದು ಕಿಲೋ ಫರಕು! ಹೇಳಿದ್ದಿದ್ರೆ ನಿಮ್ಮ ಅಡುಗೆಮನೆ ಇರ್ತಿತ್ತಲ್ಲ ಅಂಕಲ್."

ಕೊಟ್ರಪ್ಪ ಹೂಂ ಎನ್ನಬಹುದಾಗಿತ್ತು. ಅನ್ನಲಿಲ್ಲ. "ಇರ್ತಿತ್ರಿ. ಹೊಟ್ಟಿ ಉರೀತೈತಿ, ಸುಳ್ಳ್ಯಾಕ ಹೇಳ್ಲಿ. ಆ ಮಷೀನಿನ ಸಪ್ಪಳ ಕೇಳಿದ್ರ ಈಗಲೂ ಉರೀತೈತಿ. ಆದ್ರ ಮೇಡಂ, ಚೆಲ್ಲಿದ ಗಂಜಿ ತೂಗಿ ತೋರ್ಸಿ ಒಲಿ ಉಳಿಸ್ಕೊಂಡು, ಮತ್ತ ಆ ಒಲಿ ಮ್ಯಾಲೆ ನಾ ಏನು ಬೇಯಿಸ್ಲಿ?"

ಬಾಟಲಿಯ ತಳದಲ್ಲಿ ಉಳಿದಿದ್ದ ಮಜ್ಜಿಗೆಯನ್ನು ಅವಳ ಬಟ್ಟಲಿಗೆ ಸುರಿದು, ಡಬ್ಬಿಯಿಂದ ಒಂದು ಚಿಟಿಕೆ ಹಾಕಿ ಕಲಸಿದ. "ಉಣ್ರಿ. ಆರಿದ್ರೂ ಚಲೋ ಇರ್ತೈತಿ."

ಶೀತಲ್ ತಿಂದಳು. ಮೊದಲು ತಲೆ ತಗ್ಗಿಸಿಕೊಂಡು, ಆಮೇಲೆ ರುಚಿ ಹತ್ತಿ. ತಳದಲ್ಲಿ ಇನ್ನೆರಡು ಚಮಚ ಉಳಿದಿರುವಾಗ ಅವಳ ಫೋನು ಬಡಿದುಕೊಂಡಿತು. ಮುನಿಕೃಷ್ಣ. ಅವಳು ಗಡಿಬಿಡಿಯಲ್ಲಿ ಎದ್ದು, ಬಟ್ಟಲನ್ನು ಅಲ್ಲೇ ಬಿಟ್ಟು, ಫೋನು ಕಿವಿಗಿಟ್ಟುಕೊಂಡು ಜಗಲಿಯ ಮೆಟ್ಟಿಲವರೆಗೆ ಹೋದಳು.

"ಹೇಳಿ ಮೇಡಂ, ಬಕೇಟಿನ ತೂಕ ಇವತ್ತೆಷ್ಟು ಬಂತು?"

ಹೇಳಲು ತಿರುಗಿದವಳು ಹಾಗೇ ನಿಂತಳು. ಕೊಟ್ರಪ್ಪ ಜಗ್ಗಿನಿಂದ ಅವಳ ಬಟ್ಟಲಿಗೆ ನೀರು ಸುರಿಯುತ್ತಿದ್ದ. ಬೆರಳಿನಿಂದ ಸುತ್ತಲೂ ತೊಳೆದ. ಎತ್ತಿ ಕುಡಿದ. ಬಟ್ಟಲನ್ನು ಬೋರಲು ಹಾಕಿ, ಬಾಯಿ ಒರೆಸಿಕೊಂಡು, ನೀಲಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಪ್ಯಾಕಿಂಗಿನ ಕಡೆ ಹೊರಟ.

"ಮೇಡಂ? ಅಲೋ? ಎಷ್ಟು ಅಂದ್ರಿ?"

"ಈಗ ಸೊನ್ನೆ ಸಾರ್" ಎಂದಳು ಶೀತಲ್.